ದೀಪ ಹೊತ್ತುವ ಹೊತ್ತಿಗೆ ಬಾಗಿಲು ತೆರೆದಿರಲಿ

ಕರ್ನಾಟಕ ಸರ್ಕಾರದ ಮಾನ್ಯ ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪಂಚಗಂಗಾವಳಿಯ ಅಳಿವೆಯ ಬಡಗಣ ದಂಡೆಯಲ್ಲಿ, ಗೇರೆಣ್ಣೆ ಬಳಿದ ದೋಣಿಗಳ ವಾಸನೆಯ ನಡುವೆ ಹುಟ್ಟಿ ಬೆಳೆದು, ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿ ಮೂವತ್ತೈದು ವರ್ಷ ಬಯಲುಸೀಮೆಯ ಶಾಲೆಗಳಲ್ಲಿ ಭೂಗೋಳವನ್ನು ಬೋಧಿಸಿ, ಈಗ ವಿಶ್ರಾಂತಿವೇತನದ ಮೇಲೆ ದಿನ ಕಳೆಯುತ್ತಿರುವ ಒಬ್ಬ ಉಪಾಧ್ಯಾಯನು ತಮಗೆ ಈ ಪತ್ರವನ್ನು ಬರೆಯುತ್ತಿದ್ದಾನೆ. ಬರುವ ಮಾರ್ಗಶಿರದಲ್ಲಿ ನಾನೂ, ಎಪ್ಪತ್ತೆಂಟು ವರ್ಷದ ನನ್ನ ಅಕ್ಕನೂ, ಕಾರು ನಡೆಸುವ ಹೊಣೆಯನ್ನು ಸಂತೋಷದಿಂದ ವಹಿಸಿಕೊಂಡಿರುವ ಅವಳ ಮೊಮ್ಮಗನೂ ಕೂಡಿ ಮಂಗಳೂರಿನಿಂದ ಕಾರವಾರದವರೆಗೆ ಆರು ದಿನಗಳ ಪ್ರಯಾಣ ಮಾಡುವುದೆಂದು ನಿಶ್ಚಯಿಸಿದ್ದೇವೆ. ದಾರಿಯುದ್ದಕ್ಕೂ ಸಿಗುವ ದೀಪಸ್ತಂಭಗಳನ್ನೂ ಅವುಗಳ ಬೆಳಕಿನಲ್ಲಿ ಬಾಳಿ ಬಂದ ಕಡಲ ಊರುಗಳನ್ನೂ ಕಾಣುವುದೇ ಅದರ ಉದ್ದೇಶ. ಈ ಪ್ರಯಾಣದ ಪಟ್ಟಿಯನ್ನು ಬರೆಯಲು ಕುಳಿತಾಗ ಎದುರಾದ ಒಂದು ಅಡಚಣೆಯನ್ನು ತಮ್ಮ ಮುಂದಿಟ್ಟು, ಅದರ ಪರಿಹಾರಕ್ಕಾಗಿ ಪ್ರಾರ್ಥಿಸುವುದಕ್ಕಾಗಿ ಈ ಬರಹ.

ದೀಪಸ್ತಂಭವೆಂದರೆ ಉಳಿದವರಿಗೆ ಏನೋ, ನಮ್ಮ ಮನೆಯಲ್ಲಿ ಅದು ಒಂದು ಎಣಿಕೆಯಾಗಿತ್ತು. ನಮ್ಮ ತಂದೆ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು. ಹೊತ್ತು ಮೀರಿದರೂ ದೋಣಿ ಬಾರದ ಇರುಳುಗಳಲ್ಲಿ ಅಮ್ಮ ಹೊಯಿಗೆಯ ಮೇಲೆ ಕುಳಿತು, ಅಕ್ಕನನ್ನು ಮಗ್ಗುಲಲ್ಲಿಯೂ ನನ್ನನ್ನು ಮಡಿಲಲ್ಲಿಯೂ ಇರಿಸಿಕೊಂಡು, ಆಚೆ ದಡದ ಬೆಳಕು ಒಮ್ಮೆ ಮಿಂಚಿ ಮತ್ತೊಮ್ಮೆ ಮಿಂಚುವವರೆಗಿನ ಕತ್ತಲೆಯನ್ನು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದಳು. ತಾನು ದಡದಲ್ಲಿ ಕುಳಿತು ಎಣಿಸುವುದನ್ನೇ ಆತನೂ ನೀರಿನ ಮೇಲೆ ನಿಂತು ಎಣಿಸುತ್ತಿರುವನೆಂಬ ನಂಬಿಕೆಯೊಂದೇ ಆ ಹೊತ್ತಿನಲ್ಲಿ ಅವಳಿಗಿದ್ದ ಧೈರ್ಯ. ಆ ನಂಬಿಕೆ ಹುಸಿಯಲ್ಲವೆಂಬುದು ನನಗೆ ಬಹಳ ವರ್ಷಗಳ ಅನಂತರ, ಪಾಠ ಹೇಳುವ ಸಲುವಾಗಿ ಓದಿದಾಗ ತಿಳಿಯಿತು: ಪ್ರತಿಯೊಂದು ದೀಪಸ್ತಂಭಕ್ಕೂ ತನ್ನದೇ ಆದ ಒಂದು ತಾಳವಿದೆ, ಎಷ್ಟು ಮಿಂಚು, ನಡುವೆ ಎಷ್ಟು ಕತ್ತಲೆ, ಒಂದು ಆವರ್ತಕ್ಕೆ ಎಷ್ಟು ಸೆಕೆಂಡು ಎಂಬುದು ನೆರೆಯ ದೀಪದ ಲೆಕ್ಕದೊಡನೆ ಬೆರೆಯದಂತೆ ಗೊತ್ತುಮಾಡಿ, ನಾವಿಕರ ನಕ್ಷೆಗಳಲ್ಲಿ ಬರೆದಿಟ್ಟಿರುತ್ತಾರೆ. ನಕ್ಷೆಯನ್ನು ಎಂದೂ ಕಂಡಿರದ ನಮ್ಮ ತಂದೆಗೆ, ನಡಿಗೆಯಿಂದಲೇ ನೆಂಟನನ್ನು ಗುರುತಿಸುವಂತೆ, ಆ ತಾಳದಿಂದಲೇ ಕುಂದಾಪುರ ಯಾವುದು, ಭಟ್ಕಳ ಯಾವುದು ಎಂಬುದು ಗೊತ್ತಾಗುತ್ತಿತ್ತು.

ಮಂಗಳೂರಿನಿಂದ ಕಾರವಾರಕ್ಕೆ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 270 ಕಿಲೋಮೀಟರು. ಮೊಮ್ಮಗನ ಲೆಕ್ಕದಲ್ಲಿ ಅದು ಆರು ತಾಸಿನ ದಾರಿ. ನಮ್ಮ ಲೆಕ್ಕದಲ್ಲಿ ಆರು ದಿನದ್ದು. ಮೊದಲ ದಿನ, ಬೆಳಕು ನಿಂತು ದಶಕಗಳು ಸಂದಿದ್ದರೂ ದೀಪಸ್ತಂಭವೆಂಬ ಹೆಸರನ್ನು ಬಿಟ್ಟುಕೊಡದ ಮಂಗಳೂರಿನ ಬಾವುಟಗುಡ್ಡೆಯ ಹಳೆಯ ಸ್ತಂಭವನ್ನು ನೋಡಿ, ಸುರತ್ಕಲ್ಲಿನಲ್ಲಿ ಇಳಿಯುವುದು. ಎರಡನೆಯ ದಿನ ಪೂರ್ತಿ ಕಾಪುವಿಗೆ. ಮೂರನೆಯ ದಿನ ಮಲ್ಪೆಯ ಬಂದರು, ಕಂಬ ಕಂಬವಾಗಿ ನಿಂತ ಕಲ್ಲುಗಳ ಸೇಂಟ್ ಮೇರಿಸ್ ದ್ವೀಪ, ಸಂಜೆಗೆ ಗಂಗೊಳ್ಳಿಯ ಕಡೆಯ ನಮ್ಮೂರು. ನಾಲ್ಕನೆಯ ದಿನ, ಒಂದು ಮಗ್ಗುಲಿಗೆ ಕಡಲನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯನ್ನೂ ಇಟ್ಟುಕೊಂಡು ರಸ್ತೆ ಹಾಯುವ ಮರವಂತೆಯಲ್ಲಿ ಕಾರನ್ನು ಬಿಟ್ಟು ಸ್ವಲ್ಪ ದೂರ ನಡೆದು, ವಿಜಯನಗರದ ಅರಸರಿಗಾಗಿ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳವನ್ನು ದಾಟಿ, ಶರಾವತಿಯು ಕಡಲು ಸೇರುವ ಹೊನ್ನಾವರದಲ್ಲಿ ತಂಗುವುದು. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ 14ನೆಯ ಶತಮಾನದಲ್ಲಿಯೇ ಕಂಡು ಬರೆದ ಊರು ಅದು.

ಐದನೆಯ ದಿನವನ್ನು ಅಘನಾಶಿನಿಗೆ ಮೀಸಲಿರಿಸಬೇಕೆಂಬುದು ನನ್ನ ಹಟ. ಅಣೆಕಟ್ಟಿನ ಬಂಧನಕ್ಕೆ ಸಿಲುಕದೆ ಘಟ್ಟದಿಂದ ಕಡಲಿನವರೆಗೆ ಹರಿದು ಬರುವ ಆ ಹೊಳೆಯ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಹೆಂಗಸರು ಗಂಡಸರೆನ್ನದೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರನ್ನು ತಡವಿ ಬೆಳಚು ಎಂಬ ಚಿಪ್ಪುಮೀನನ್ನು ಹೆಕ್ಕುತ್ತಾರೆ. ಉಪ್ಪುನೀರು ಹತ್ತಿ ಇಳಿಯುವ ಗಜನಿ ಗದ್ದೆಗಳಲ್ಲಿ, ಉಪ್ಪನ್ನು ಸಹಿಸಿ ಬೆಳೆಯುವ ಕಗ್ಗ ಎಂಬ ಭತ್ತ ತೆನೆ ತೂಗುತ್ತದೆ. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬಿಸಿಲಿಗೆ ಹರಳುಗಟ್ಟುತ್ತದೆ. ಒಂದೇ ಉಪ್ಪುನೀರು ಮೂರು ಬಗೆಯ ಅನ್ನವಾಗುವ ಇಂತಹ ಸ್ಥಳವನ್ನು ಕಾರಿನ ಕಿಟಕಿಯಿಂದ ನೋಡಿ ಹೋಗುವುದು ನನ್ನಿಂದಾಗದು. ಆಮೇಲೆ ತದಡಿಗೆ ದೋಣಿಯಲ್ಲಿ ಹೊಳೆ ದಾಟಿ ಗೋಕರ್ಣ. ಆರನೆಯ ದಿನ, 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯ ಮಾರ್ಗವಾಗಿ, ಯೌವನದಲ್ಲಿ ರವೀಂದ್ರನಾಥ ಠಾಕೂರರು ಕೆಲಕಾಲ ತಂಗಿದ್ದ ಕಾರವಾರವನ್ನು ಸೇರಿ, ದೇವಗಡ ನಡುಗಡ್ಡೆಯ ಮೇಲೆ 1864ರಲ್ಲಿ ಕಟ್ಟಿದ ಆಯ್‌ಸ್ಟರ್ ರಾಕ್ ದೀಪವನ್ನು ದಡದಿಂದಲೇ ನೋಡಿ ಕೈಮುಗಿಯುವುದು.

ಅಂಕೋಲೆಯನ್ನು ಮುಟ್ಟುವ ಮುನ್ನ ಶಿರೂರಿನಲ್ಲಿ ಒಂದು ಗಳಿಗೆ ನಿಲ್ಲಬೇಕೆಂದು ಅಕ್ಕ ಹೇಳಿದ್ದಾಳೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯ ಚಹದಂಗಡಿಯೊಂದು ಜನರ ಸಮೇತ ಗಂಗಾವಳಿ ಹೊಳೆಯ ಪಾಲಾಯಿತು. ಇಂತಹ ದಾರಿಯಲ್ಲಿ ಸಾಗುವವನು ವೇಗವನ್ನೊಂದನ್ನೇ ಬಯಸಬಾರದೆಂದು ನನಗೆ ತೋರುತ್ತದೆ. ಅದು ಬೇರೆಯೇ ಒಂದು ಪತ್ರದ ವಿಷಯ.

ಇನ್ನು ನನ್ನ ಅರಿಕೆಗೆ ಬರುತ್ತೇನೆ. ಹಿಂದಿನ ವರ್ಷ ಅಕ್ಕನನ್ನು ಕರೆದುಕೊಂಡು ನಮ್ಮ ಕರಾವಳಿಯದೇ ಒಂದು ದೀಪಸ್ತಂಭಕ್ಕೆ ಹೋಗಿದ್ದೆ. ಹೆಸರು ಬೇಡ; ಏಕೆಂದರೆ ಅಲ್ಲಿ ಯಾರ ತಪ್ಪೂ ಇರಲಿಲ್ಲ. ಸುರುಳಿ ಮೆಟ್ಟಿಲುಗಳನ್ನು, ಎರಡು ಹತ್ತಿ ಒಂದು ಗಳಿಗೆ ನಿಂತು, ಗೋಡೆಗೆ ಅಂಗೈಯೂರಿ, ಮತ್ತೆ ಎರಡು ಹತ್ತಿ, ಕಡೆಗೂ ಅವಳು ಮೇಲಣ ಜಗಲಿಯನ್ನು ತಲುಪಿ ಉಸಿರು ಬಿಟ್ಟು ಕಡಲ ಕಡೆಗೆ ತಿರುಗಿದ ಹೊತ್ತಿಗೆ ಸರಿಯಾಗಿ ಕಾವಲುಗಾರನು ಬಂದು, ಭೇಟಿಯ ಸಮಯ ಮುಗಿಯಿತೆಂದು ಬಹು ಮರ್ಯಾದೆಯಿಂದ ತಿಳಿಸಿದ. ಸೂರ್ಯ ಮುಳುಗಲು ಆಗ ಇಪ್ಪತ್ತು ನಿಮಿಷವಿತ್ತು. "ದೀಪ ಹೊತ್ತುದ್ ಕಾಂಬುಕೆ ಬಂದದ್ದಲ್ದಾ ಮಾಣಿ, ಕಾಣ್ದೆ ಹೋಪುದಾ?" ಎಂದು ಅಕ್ಕ ನನ್ನನ್ನು ಕೇಳಿದಳು. ಕಾವಲುಗಾರನಿಗೆ ನಿಯಮವಿತ್ತು, ನನ್ನ ಬಳಿ ಉತ್ತರವಿರಲಿಲ್ಲ. ಕೆಳಗಿಳಿದು, ಹೊಯಿಗೆಯ ಮೇಲೆ ಕುಳಿತು, ನಮ್ಮ ಬೆನ್ನ ಹಿಂದೆ ಎಲ್ಲಿಯೋ ಮೇಲೆ ಹೊತ್ತಿದ ಆ ದೀಪದ ಮೊದಲ ಬೀಸು ನೀರಿನ ಮೇಲೆ ಹಾದುಹೋದುದನ್ನು ಕಂಡೆವು. ಅಕ್ಕನ ಬಲಗೈಯ ಹೆಬ್ಬೆರಳು ತಾನಾಗಿ ಬೆರಳಿನ ಗೆಣ್ಣುಗಳ ಮೇಲೆ ಸರಿಯತೊಡಗಿದುದನ್ನೂ ನಾನು ಕಂಡೆ.

ದೀಪಸ್ತಂಭವನ್ನು ಹಗಲಿನಲ್ಲಿ ನೋಡಿ ಬರುವುದೆಂದರೆ, ಯಕ್ಷಗಾನದ ಚೌಕಿಯನ್ನು ಮಧ್ಯಾಹ್ನ ನೋಡಿ ಬಂದಂತೆ. ಕಿರೀಟವಿರುತ್ತದೆ, ವೇಷವಿರುತ್ತದೆ, ಆಟವಿರುವುದಿಲ್ಲ. ಅಲ್ಲಿ ಕಾಣಬೇಕಾದ ಅದ್ಭುತವಾದರೂ ಯಾವುದು? ಅಂಗೈಯಲ್ಲಿ ಹಿಡಿಯಬಹುದಾದ ಒಂದು ಸಣ್ಣ ಬಲ್ಬು. ಅದರ ಸುತ್ತ ಉಂಗುರ ಉಂಗುರವಾಗಿ ಜೋಡಿಸಿದ ಗಾಜಿನ ಪಟ್ಟಕಗಳು. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಈ ಮಸೂರವು, ಮೇಲಕ್ಕೂ ಕೆಳಕ್ಕೂ ಚದುರಿ ವ್ಯರ್ಥವಾಗುವ ಕಿರಣಗಳನ್ನು ಬಾಗಿಸಿ, ಒಂದೇ ಕಟ್ಟಾಗಿ ಕಟ್ಟಿ ದಿಗಂತದ ಕಡೆಗೆ ಚಾಚುತ್ತದೆ. ಮೂವತ್ತು ಮೀಟರು ಎತ್ತರದಲ್ಲಿ ನಿಂತ ಬೆಳಕಿಗೆ ಕಡಲಿನ ಅಂಚು ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿರುತ್ತದೆ. ಅಷ್ಟು ದೂರದ ದೋಣಿಯವನ ಕಣ್ಣಿಗೂ ಆ ಸಣ್ಣ ಜ್ಯೋತಿ ತಲುಪುವುದು ಈ ಗಾಜಿನ ಉಪಕಾರದಿಂದ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಮೊದಲು ಹೊತ್ತಿದ ದೀಪ ಸೀಮೆಎಣ್ಣೆಯದು. ವಿದ್ಯುತ್ತು ಬರುವ ಮೊದಲಿನ ದಿನಗಳಲ್ಲಿ ಇಂತಹ ದೀಪಗಳ ಕಾವಲಿನವರು ಗೋಡೆಗಡಿಯಾರಕ್ಕೆ ಕೀಲಿ ಕೊಡುವಂತೆ ಭಾರದ ಯಂತ್ರಕ್ಕೆ ಕೀಲಿ ಕೊಟ್ಟು ಮಸೂರವನ್ನು ತಿರುಗಿಸುತ್ತಾ, ಮಸಿ ಹಿಡಿಯದಂತೆ ಗಾಜನ್ನು ಒರಸುತ್ತಾ, ಗಾಳಿಮಳೆಯ ಇರುಳುಗಳನ್ನು ಎಚ್ಚರದಿಂದ ಕಳೆಯುತ್ತಿದ್ದರು. ಉಪಗ್ರಹದಿಂದ ದಾರಿ ತಿಳಿಯುವ ಯಂತ್ರ ಇಂದು ಸಣ್ಣ ದೋಣಿಗಳಲ್ಲಿಯೂ ಇದೆ. ಆದರೂ ಯಂತ್ರದ ತೆರೆ ಆರಿಹೋದ ಗಳಿಗೆಯಲ್ಲಿ ಕಣ್ಣು ಅರಸುವುದು ಆ ಬೆಳಕನ್ನೇ.

ಆದುದರಿಂದ, ಮಾನ್ಯರೇ, ವಾರದಲ್ಲಿ ಒಂದು ಸಂಜೆಯಾದರೂ, ಮುಂಚಿತವಾಗಿ ಹೆಸರು ಬರೆಸಿದ ಹತ್ತು ಹನ್ನೆರಡು ಜನರನ್ನು ಮಾತ್ರ, ದೀಪ ಹೊತ್ತುವ ಹೊತ್ತಿನಲ್ಲಿ ಮೇಲೆ ಇರಗೊಡುವ ಏರ್ಪಾಡನ್ನು ಮಾಡಿಸಿಕೊಡಬೇಕೆಂಬುದೇ ನನ್ನ ಪ್ರಾರ್ಥನೆ. ದೀಪಸ್ತಂಭಗಳು ಕೇಂದ್ರ ಸರ್ಕಾರದ ಆಡಳಿತಕ್ಕೆ ಒಳಪಟ್ಟವೆಂಬುದನ್ನು ನಾನು ಬಲ್ಲೆ. ಆದರೆ 1927ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಬಂದ ಹೊಸ ಕಾಯಿದೆಯು, ಪಾರಂಪರಿಕ ದೀಪಸ್ತಂಭಗಳನ್ನು ಗುರುತಿಸಿ ಶಿಕ್ಷಣಕ್ಕೂ ಸಂಸ್ಕೃತಿಗೂ ಪ್ರವಾಸಕ್ಕೂ ಒದಗಿಸಲು ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ. ರಾಜ್ಯದ ಸಚಿವರಾಗಿ ತಾವು ಒಂದು ಮಾತು ಹೇಳಿದರೆ, ಅದು ನನ್ನಂಥವನ ನೂರು ಪತ್ರಗಳಿಗಿಂತ ದೂರ ಹೋಗುತ್ತದೆ. ಮೇಲೆ ಬಂದವರಿಗೆ ದೀಪದ ಕಥೆಯನ್ನು ಹೇಳಲು ನಿವೃತ್ತ ಕಾವಲಿನವರಲ್ಲಿ ಒಬ್ಬರನ್ನೋ, ಕಡಲಿಗೆ ಹೋಗುವುದನ್ನು ಬಿಟ್ಟ, ದೋಣಿಯ ಮುಂದಾಳಾಗಿದ್ದ ಹಿರಿಯ ತಾಂಡೇಲನೊಬ್ಬನನ್ನೋ ಕರೆದರೆ, ಅಚ್ಚುಹಾಕಿಸಿದ ಯಾವ ಕೈಪಿಡಿಯೂ ಬೇಕಾಗುವುದಿಲ್ಲ.

ತಮ್ಮ ಕೈಯಲ್ಲಿಯೇ ಇರುವ ಕೆಲಸವೂ ಒಂದುಂಟು. ಇಡೀ ಕರಾವಳಿಗೆ ಸಲ್ಲುವ ಒಂದು ಹಾಳೆಯ ವೇಳಾಪಟ್ಟಿ ಎಲ್ಲಿಯೂ ನನಗೆ ದೊರೆಯಲಿಲ್ಲ. ಯಾವ ದೀಪಸ್ತಂಭಕ್ಕೆ ಪ್ರವೇಶವಿದೆ, ಯಾವುದಕ್ಕಿಲ್ಲ; ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ; ಯಾವ ಕಡವಿನಲ್ಲಿ ದೋಣಿ ಎಷ್ಟು ಹೊತ್ತಿನವರೆಗೆ ಸಿಗುತ್ತದೆ; ಆ ದಿನ ಭರತ ಯಾವಾಗ, ಇಳಿತ ಯಾವಾಗ. ದಿನಕ್ಕೆ ಎರಡು ಬಾರಿ ಏರುವ ಕಡಲು ಪ್ರತಿದಿನ ಸುಮಾರು ಐವತ್ತು ನಿಮಿಷ ತಡಮಾಡುತ್ತಾ ಹೋಗುವುದರಿಂದ, ಇಂದು ಕಾಲಿಟ್ಟು ದಾಟಿದ ಬಂಡೆಯನ್ನು ನಾಳೆ ಅದೇ ಗಂಟೆಗೆ ದಾಟಬಹುದೆಂದು ಘಟ್ಟದ ಮೇಲಿನವರು ತಿಳಿಯುವುದು ಅಪಾಯಕರ. ಪ್ರತಿ ಸ್ತಂಭದ ಬುಡದಲ್ಲಿ, ಅದರ ಮಿಂಚಿನ ಲೆಕ್ಕವನ್ನು ಕನ್ನಡದಲ್ಲಿ ಬರೆದ ಒಂದು ಹಲಗೆಯಿದ್ದರೂ ಸಾಕು. ಮಕ್ಕಳು ಹೊಯಿಗೆಯ ಮೇಲೆ ಕುಳಿತು ಎಣಿಸಿ ತಾಳೆ ನೋಡುತ್ತಾರೆ.

ಆದರೆ ಒಂದು ವಿಷಯದಲ್ಲಿ ನನಗೆ ಭಯವಿದೆ, ಅದನ್ನು ಮುಚ್ಚಿಡಲಾರೆ. 2024ರ ಫೆಬ್ರವರಿಯಲ್ಲಿ ದೇಶದ 75 ದೀಪಸ್ತಂಭಗಳನ್ನು ಪ್ರವಾಸಿಗರ ಸೌಕರ್ಯಗಳೊಡನೆ ಲೋಕಾರ್ಪಣೆ ಮಾಡಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕುಡಿಯುವ ನೀರು, ಶೌಚಾಲಯ, ಮುದುಕರು ಕುಳಿತುಕೊಳ್ಳಲು ಕಲ್ಲುಬೆಂಚು ಖಂಡಿತವಾಗಿ ಬೇಕು. ಬಣ್ಣ ಬಣ್ಣದ ದೀಪಾಲಂಕಾರ ಮಾತ್ರ ಬೇಡ. ಸ್ತಂಭದ ಸುತ್ತ ಬೆಳಕು ಹೆಚ್ಚಿದಷ್ಟೂ ಕಡಲಿನಿಂದ ನೋಡುವವನಿಗೆ ಅದರ ಮಿಂಚು ಮಸುಳುತ್ತದೆ, ಎಣಿಕೆ ತಪ್ಪುತ್ತದೆ. ಕುಂದಾಪುರದ ಕೋಡಿಯಲ್ಲಿಯೂ ಹೊನ್ನಾವರದ ತೀರದಲ್ಲಿಯೂ ಕಡಲಾಮೆಗಳು ಬಂದು ಹೊಯಿಗೆಯಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬಂದ ಮರಿಗಳು ನೀರಿನ ಮೇಲಣ ಮಂದಪ್ರಕಾಶವನ್ನೇ ನಂಬಿ ಕಡಲ ಕಡೆಗೆ ಹರಿಯುವಂಥವು. ದಡದಲ್ಲಿ ಬಿಳಿ ಬೆಳಕು ಉರಿಯುತ್ತಿದ್ದರೆ ದಿಕ್ಕು ಕೆಟ್ಟು ರಸ್ತೆಯ ಕಡೆಗೆ ಬರುತ್ತವೆ. ನಮ್ಮ ತೀರದಲ್ಲಿ ಇನ್ನೂ ಉಳಿದಿರುವ ಕತ್ತಲೆಯನ್ನು ದಯಮಾಡಿ ಒಂದು ಸಂಪತ್ತೆಂದು ಎಣಿಸಬೇಕು. ದೂರದಿಂದ ಬಂದ ಅತಿಥಿಗೆ ನಾವು ತೋರಿಸಬೇಕಾದುದು ಕತ್ತಲೆ, ಅದರ ನಡುವೆ ಬೀಸುವ ಒಂದೇ ಒಂದು ಬೆಳಕು.

ನಾವು ಹೊರಡುವುದು ಡಿಸೆಂಬರಿನ ಎರಡನೆಯ ವಾರದಲ್ಲಿ. ಆ ದಿನಗಳಲ್ಲಿ ಕಾಪುವಿನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿಗೆ ಮುಳುಗುತ್ತಾನೆ. ಅಕ್ಕನಿಗೆ ಮೆಟ್ಟಿಲು ಹತ್ತಲು ಅರ್ಧ ಗಂಟೆ ಬೇಕು. ತಮ್ಮಿಂದ ಉತ್ತರ ಬಂದರೂ ಬಾರದಿದ್ದರೂ, ಎರಡನೆಯ ದಿನದ ಸಂಜೆ ಐದು ಗಂಟೆಗೆ ನಾವು ಮೂವರೂ ಆ ಬಾಗಿಲ ಬಳಿ ಇರುತ್ತೇವೆ.

ಇಂತು,
ತಮ್ಮ ವಿಶ್ವಾಸಿ,
ಗಂಗೊಳ್ಳಿಯ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯ