ಹಣ್ಣಿನ ಮರ್ಮ ಬಲ್ಲ ಉದ್ಯಮಿ

ಹಣ್ಣು ಮಾರುವ ಅಪ್ಪನಿಂದ ಮಾಗಿದ ಹಣ್ಣನ್ನು ಆರಿಸುವುದು ಹೇಗೆಂದು ಕಲಿತ ಮೂಲ್ಕಿ ಕಡೆಯ ಹುಡುಗ, ಅದನ್ನೇ ಬಂಡವಾಳ ಮಾಡಿಕೊಂಡು ದೇಶವೇ ಗುರುತಿಸುವ ಉದ್ಯಮ ಕಟ್ಟಿದ. 2024ರ ಮೇ 17ರಂದು ನಿಧನರಾದ ‘ನ್ಯಾಚುರಲ್ಸ್’ ಐಸ್‌ಕ್ರೀಂ ಸ್ಥಾಪಕ ರಘುನಂದನ ಕಾಮತ್ ಅವರ ಬದುಕಿನ ಸಾರ ಇದು.

ಬಡತನದ ತುಂಬು ಸಂಸಾರದಿಂದ ಮುಂಬೈಗೆ ಹೋದ ಅವರು ಮೊದಲು ದುಡಿದದ್ದು ಅಣ್ಣನ ಹೋಟೆಲಿನಲ್ಲಿ. 1984ರಲ್ಲಿ ಜುಹುವಿನಲ್ಲಿ ಸ್ವಂತ ಅಂಗಡಿ ತೆರೆದಾಗ ಬರೀ ಐಸ್‌ಕ್ರೀಂ ನಂಬಿ ಕೂರುವಂತಿರಲಿಲ್ಲ. ಗಿರಾಕಿಗಳನ್ನು ಸೆಳೆಯಲು ಖಾರದ ಪಾವ್‌ಭಾಜಿಯನ್ನೂ ಮಾರಿದರು. ಬಾಯಿ ಉರಿದವರು ತಂಪು ಕೇಳಿದರು! ಹಾಲು, ಸಕ್ಕರೆ, ಹಣ್ಣು ಇಷ್ಟನ್ನೇ ನೆಚ್ಚಿದ ಸೀತಾಫಲ, ಎಳನೀರಿನ ಐಸ್‌ಕ್ರೀಂಗಳು ಬಾಯಿಂದ ಬಾಯಿಗೆ ಹರಡಿ ಹೆಸರಾದವು. ವ್ಯಾಪಾರ 150ಕ್ಕೂ ಹೆಚ್ಚು ಮಳಿಗೆಗಳಿಗೆ ಬೆಳೆಯಿತು.

ಅಪ್ಪನ ಕಸುಬಿನ ಅರಿವು, ಅಣ್ಣನ ಆಸರೆ, ಪತ್ನಿಯ ಒತ್ತಾಸೆ, ಕೈಜೋಡಿಸಿದ ಮಕ್ಕಳು: ಈ ಯಶಸ್ಸಿನ ಹಿಂದೆ ಇಡೀ ಕುಟುಂಬವಿದೆ. ದಿಢೀರ್ ಲಾಭದ ಬೆನ್ನು ಹತ್ತುವ ಹೊಸ ಉದ್ಯಮಿಗಳು ಕಾಮತರ ತಾಳ್ಮೆಯನ್ನೂ ಗುಣಮಟ್ಟದ ಹಟವನ್ನೂ ಮೈಗೂಡಿಸಿಕೊಳ್ಳಲಿ. ಅದೇ ಅವರಿಗೆ ಸಲ್ಲಬೇಕಾದ ಗೌರವ.