ಗುಡ್ಡೆಯ ದಾರಿ ಮುಚ್ಚುವ ಮೊದಲು

ಕುಮಾರ ಪರ್ವತಕ್ಕೆ ದಿನಕ್ಕೆ 300 ಜನ ಮಾತ್ರ ಎಂದು ಅರಣ್ಯ ಇಲಾಖೆ ಇಟ್ಟಿರುವ ಮಿತಿ ಹಾಗೆಯೇ ಇರಲಿ. ಸಡಿಲಿಸಿ ಎಂದು ಕೇಳುವವರ ಜೊತೆ ನಾನಿಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ತಾಗಿ ಬಂದ ವಾರಾಂತ್ಯದಲ್ಲಿ, ಆ ಬೆಟ್ಟದಲ್ಲಿ ಜನ ಒತ್ತೊತ್ತಾಗಿ ನಿಂತದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಫೆಬ್ರವರಿಗೆ ಚಾರಣ ನಿಂತಿತು. ಅಕ್ಟೋಬರಿನಲ್ಲಿ ಆನ್‌ಲೈನ್ ಬುಕಿಂಗ್ ಜೊತೆಗೆ ಈ ಮಿತಿ ಬಂತು. ಅದು ಪುಷ್ಪಗಿರಿ ವನ್ಯಧಾಮದ ಬೆಟ್ಟ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು. ನಮ್ಮ ಕುಮಾರಧಾರೆ ಹುಟ್ಟುವುದು ಅಲ್ಲಿ. ಮೇಲೆ ಬಿಸಾಡಿದ ಪ್ಲಾಸ್ಟಿಕ್ ಒಂದು ಮಳೆಗಾಲ ಕಳೆಯುವುದರೊಳಗೆ ಕುಕ್ಕೆ, ಕಡಬ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಈ ನೀರು ಕುಡಿಯುವವರು ಮಿತಿಯ ಪರ ನಿಲ್ಲದಿದ್ದರೆ ಇನ್ಯಾರು ನಿಲ್ಲಬೇಕು?

ನನ್ನ ಮಾತು ಬೇರೆಯೇ ಇದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ನಮ್ಮ ನೆರೆಕರೆಯ ಮಕ್ಕಳು ಕುಮಾರ ಪರ್ವತದ ಬುಕಿಂಗ್ ಸಿಗಲಿಲ್ಲವೆಂದು ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ಅದೇ ಮನೆಯ ಹಿಂದಿನ ಗುಡ್ಡೆಯ ತುದಿಯನ್ನು ಅವರು ಒಮ್ಮೆಯೂ ಕಂಡಿಲ್ಲ. ತಪ್ಪು ಮಕ್ಕಳದ್ದಲ್ಲ. ಆ ಗುಡ್ಡೆಗೆ ಹೋಗುವ ದಾರಿಯೇ ಈಗ ಉಳಿದಿಲ್ಲ.

ನಾನು ಸುಳ್ಯ ತಾಲೂಕಿನ ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹ ಮಾಡುವವಳು. ಮನೆ ಮನೆಗೆ ಹೋಗುವ ಕೆಲಸ. ನಮ್ಮಲ್ಲಿ ಮನೆಗಳು ಪೇಟೆಯ ಹಾಗೆ ಸಾಲಾಗಿ ಇಲ್ಲ. ಒಂದು ಬೈಲಿನಲ್ಲಿ ಎರಡು ಮನೆ, ಗುಡ್ಡೆಯ ಆಚೆ ಮೂರು ಮನೆ. ರಸ್ತೆಯಲ್ಲಿ ಸುತ್ತಿ ಹೋದರೆ ಅರ್ಧ ದಿನ ಅದಕ್ಕೇ ಆಗುತ್ತದೆ. ಕೆಲಸಕ್ಕೆ ಸೇರಿದ ಕಾಲದಲ್ಲಿ ನಾನು ನಡೆದದ್ದೆಲ್ಲ ಒಳದಾರಿಯಲ್ಲಿ. ಅಡಿಕೆ ಮರದ ಸಂಕ ದಾಟಿ, ತೋಟದ ಕರೆಯಲ್ಲಿ ಹೋಗಿ, ಬೇಲಿಯ ತಡಮೆ ಹತ್ತಿ ಇಳಿದು, ಮುಳಿಹುಲ್ಲಿನ ನಡುವೆ ಗುಡ್ಡೆ ಏರಿದರೆ ಆಚೆಯ ಬೈಲು. ಇಂಥ ದಾರಿಗಳು ಒಂದೊಂದಾಗಿ ಮುಚ್ಚುವುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಆ ದಾರಿಗಳನ್ನು ಯಾರೂ ಕಡಿದು ಮಾಡಿದ್ದಲ್ಲ. ನಡೆದು ನಡೆದು ಆದವು, ನಡೆದವರಲ್ಲಿ ಹೆಚ್ಚಿನವರು ಹೆಂಗಸರು. ಹಟ್ಟಿಗೆ ಸೊಪ್ಪು, ತೋಟದ ಬುಡಕ್ಕೆ ತರಗೆಲೆ, ಒಲೆಗೆ ಸೌದೆ, ಮಾಡಿಗೆ ಮುಳಿಹುಲ್ಲು, ಎಲ್ಲವೂ ಬರುತ್ತಿದ್ದದ್ದು ಗುಡ್ಡೆಯಿಂದ. ವರ್ಗ ಜಾಗಕ್ಕೆ ತಾಗಿದ ನೂರು ಗಜದ ಕುಮ್ಕಿಯಲ್ಲಿ ಸೊಪ್ಪು ಸೌದೆಯ ಹಕ್ಕು ದಕ್ಷಿಣ ಕನ್ನಡದ ಕೃಷಿಕರಿಗೆ ಬ್ರಿಟಿಷರ ಕಾಲದಿಂದ ಬಂದದ್ದು. ಜಾಗ ಸರಕಾರದ್ದು, ಸೊಪ್ಪು ನಮ್ಮದು. ನನ್ನ ಅತ್ತೆಗೆ ಯಾವ ಕುಂಟಾಲ ಮರ ಮೊದಲು ಹಣ್ಣಾಗುತ್ತದೆ, ಯಾವ ಬಂಡೆಯ ಕೆಳಗೆ ಏಪ್ರಿಲಿನಲ್ಲೂ ಒರತೆ ಇರುತ್ತದೆ, ಎಲ್ಲಿ ಕೇಪಳದ ಪೊದೆ, ಎಲ್ಲಿ ಚೂರಿಮುಳ್ಳು, ಎಲ್ಲವೂ ಬಾಯಿಪಾಠ. ಅವರು ಯಾವತ್ತೂ ಚಾರಣ ಹೋದವರಲ್ಲ. ಕತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಮುಟ್ಟಾಳೆ ಇಟ್ಟು ಸೊಪ್ಪಿಗೆ ಹೋದವರು.

ಗ್ಯಾಸ್ ಬಂತು, ತಾರಸಿ ಮನೆ ಬಂತು, ಹಟ್ಟಿ ಖಾಲಿಯಾಯಿತು. ಹೊಗೆಯಿಲ್ಲದ ಅಡುಗೆಮನೆ ಬಂದದ್ದಕ್ಕೆ ನನಗೆ ಸಂತೋಷವೇ. ಸೊಪ್ಪಿನ ಹೊರೆ ಹೊತ್ತು ಕುತ್ತಿಗೆ ಸವೆಸಿಕೊಂಡವರ ಕಾಲವನ್ನು ಹೊಗಳಿ ಬರೆಯುವ ಮನಸ್ಸು ನನಗಿಲ್ಲ. ಆದರೆ ಕೆಲಸ ಹೋದ ಮೇಲೆ ಗುಡ್ಡೆಗೆ ಹೋಗಲು ಕಾರಣ ಉಳಿಯಲಿಲ್ಲ. ಕುಮ್ಕಿಯಲ್ಲಿ ರಬ್ಬರ್ ಎದ್ದಿತು, ಮುರಕಲ್ಲಿನ ಕೋರೆಗಳಾದವು, ತಡಮೆ ಇದ್ದಲ್ಲಿ ಬೀಗ ಹಾಕಿದ ಗೇಟು ಬಂತು. ನಾನು ವರ್ಷಗಟ್ಟಲೆ ನಡೆದ ಒಂದು ದಾರಿಯಲ್ಲಿ ಒಂದು ದಿನ ಬೇಲಿ ಎದ್ದಿತ್ತು. ಕೇಳಿದರೆ, ಈಗ ಇಲ್ಲಿ ಯಾರು ನಡೆಯುತ್ತಾರೆ ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಡೆಯುವವಳು ನಾನೊಬ್ಬಳೇ, ನಾನೂ ಆಗ ಸ್ಕೂಟಿ ತೆಗೆದಾಗಿತ್ತು.

ಆದಿತ್ಯವಾರದ ತಿರುಗಾಟದ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟೆ. ಕೆಲಸ ಬಿಟ್ಟುಕೊಟ್ಟ ದಾರಿಗಳನ್ನು ಇನ್ನು ಉಳಿಸಲು ಸಾಧ್ಯವಿರುವುದು ಸುಮ್ಮನೆ ನಡೆಯುವವರಿಗೆ. ನೂರು ಕಿಲೋಮೀಟರ್ ದೂರದ ಹೆಸರಾಂತ ಶಿಖರಕ್ಕೆ ಕಾರು ಹತ್ತಿ ಹೋಗುವುದಕ್ಕಿಂತ ಮನೆಯಿಂದ ಕಾಲ್ನಡಿಗೆಯಲ್ಲಿ ತಲುಪುವ ಗುಡ್ಡೆಗೆ ಹೋಗುವುದು ಹೆಚ್ಚು ಬೆಲೆಯದ್ದು.

ನಮಗೇನು ಗುಡ್ಡೆಗಳಿಗೆ ಬರವೇ? ಪುತ್ತೂರು ಪೇಟೆಯವರಿಗೆ ಬೀರಮಲೆ ಇದೆ. ಸಂಜೆ ಕಚೇರಿ ಮುಗಿಸಿ ಹತ್ತಿದರೂ ಬೆಳಕಿರುವಾಗಲೇ ಇಳಿಯಬಹುದು. ನಡೆಯಲು ಗುಡ್ಡೆಯೇ ಆಗಬೇಕೆಂದೂ ಇಲ್ಲ, ಬಳ್ಪದವರಿಗೆ ಬೋಗಾಯನಕೆರೆ, ಇರ್ದೆಯವರಿಗೆ ಬಿಸಿನೀರಿನ ಬೆಂದ್ರ್ ತೀರ್ಥ. ಗುತ್ತಿಗಾರು, ಪಂಜದ ಕಡೆಯವರಿಗೆ ಬಂಟಮಲೆ. ಸುಳ್ಯಕ್ಕೆ ಹತ್ತಿರದಲ್ಲೇ ಪೂಮಲೆ. ಆ ಸೀಮೆಯ ಉಬರಡ್ಕದ ಮದುವೆಗದ್ದೆಯಲ್ಲಿ ಬ್ರಿಟಿಷರ ವಿರುದ್ಧದ ದಂಗೆಗೆ ಮದುವೆಯ ನೆಪದಲ್ಲಿ ಜನ ಕೂಡಿಸಿದರು ಎನ್ನುತ್ತಾರೆ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ ಮೊದಲಾದವರ ಜೊತೆ ಹೊರಟ ರೈತರು ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ಕ್ಕೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಸುಳ್ಯದಿಂದ ಮಂಗಳೂರಿನವರೆಗೆ ಅವರು ಹೋದದ್ದು ಇಂಥ ಗುಡ್ಡೆ, ಬೈಲಿನ ನಡುವಿನ ದಾರಿಗಳಲ್ಲಿ. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು, ಒಳ್ಳೆಯದಾಯಿತು. ಅವರ ಊರಿನ ಕಾಲುದಾರಿಗೆ ಒಂದು ಫಲಕವಾದರೂ ಬೇಡವೇ?

ಎತ್ತರಕ್ಕೆ ಹತ್ತಿದಾಗಲೇ ನಮ್ಮ ಊರು ನಮಗೆ ತಿಳಿಯುತ್ತದೆ. ಕೆಳಗೆ ತೋಟದೊಳಗೆ ನಿಂತರೆ ಕಾಣುವುದು ನಮ್ಮದೇ ನಾಲ್ಕು ಸಾಲು ಅಡಿಕೆ. ಮೇಲಿನಿಂದ ನೋಡಿದರೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ಎಂದು ಗೊತ್ತಾಗುತ್ತದೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಟ್ಯಾಪಿಂಗ್ ಮಾಡುತ್ತಾ ಊರಿನವರಾದದ್ದು ಆ ಮರಗಳ ನೆರಳಿನಲ್ಲಿ. ಅರಂತೋಡು, ಸಂಪಾಜೆಯ ಕಡೆ ತಿರುಗಿದರೆ ಹಳದಿ ಎಲೆ ರೋಗ ತಿಂದ ತೋಟಗಳು ಕಣ್ಣಿಗೆ ಬೀಳುತ್ತವೆ. ರೋಗದ ಬಗ್ಗೆ ಸಭೆಗಳಲ್ಲಿ ಎಷ್ಟೋ ಕೇಳಿದ್ದೆ. ಒಂದು ಬೈಲು ಪೂರ್ತಿ ಹಳದಿಯಾಗಿ ನಿಂತದ್ದನ್ನು ಮೇಲಿನಿಂದ ನೋಡಿದ ದಿನವೇ, ಆ ಬೈಲಿನ ಮನೆಗಳಲ್ಲಿ ಪಿಗ್ಮಿ ಪುಸ್ತಕ ಒಂದೊಂದಾಗಿ ನಿಂತದ್ದು ಯಾಕೆಂದು ನನಗೆ ಸರಿಯಾಗಿ ಅರ್ಥವಾದದ್ದು.

ತೊಡಿಕಾನದ ಬಗ್ಗೆ ಸ್ವಲ್ಪ ಹೇಳಬೇಕು. ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಬಂದವರು ಹೊಳೆಯಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ, ಫೋಟೊ ತೆಗೆದು ಕಾರು ತಿರುಗಿಸುತ್ತಾರೆ. ತೋಟಗಳ ನಡುವೆ ನಡೆದರೆ ದೇವರಗುಂಡಿ ಜಲಪಾತ, ಅದರಾಚೆ ಪಟ್ಟಿಘಾಟಿಯ ಕಾಡು. ಘಾಟಿ ಹತ್ತಿದರೆ ಭಾಗಮಂಡಲ. ನಮ್ಮ ಹಿರಿಯರು ಕೊಡಗಿಗೆ ನಡೆದೇ ಹೋಗುತ್ತಿದ್ದ ಕಾಲದಲ್ಲಿ ಇದು ನೆಂಟಸ್ತಿಕೆಯ ದಾರಿ. ಈ ಕಡೆ ಹರಿಯುವ ಪಯಸ್ವಿನಿ ಗಡಿ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಮಕ್ಕಳಿಗೆ ಭೂಗೋಳ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಹುಡುಕುವುದು? ಆದರೂ ಶಾಲಾ ಪ್ರವಾಸವೆಂದರೆ ನಮಗೆ ಮೈಸೂರು, ಇಲ್ಲವೇ ನೀರಾಟದ ಪಾರ್ಕ್.

ಪುತ್ತೂರಿನಲ್ಲೇ ಬಹುಕಾಲ ಬದುಕಿದ ಶಿವರಾಮ ಕಾರಂತರು 1943ರಲ್ಲಿ ಬರೆದ ‘ಬೆಟ್ಟದ ಜೀವ’ ಶುರುವಾಗುವುದು ಸುಬ್ರಹ್ಮಣ್ಯದ ಕಡೆ ಹೊರಟ ಒಬ್ಬ ಕಾಡಿನಲ್ಲಿ ದಾರಿ ತಪ್ಪುವುದರಿಂದ. ಊರಿನ ಇಬ್ಬರು ಅವನನ್ನು ಗೋಪಾಲಯ್ಯನ ಮನೆಗೆ ಕರೆದೊಯ್ಯುತ್ತಾರೆ. ನಡೆದು ಬಂದವನನ್ನು ಯಾರು, ಎಂತ ಎಂದು ಹೆಚ್ಚು ಕೇಳದೆ ಒಳಗೆ ಕರೆಯುವ ಆ ಗುಣ ಕಥೆಯಲ್ಲಿ ಮಾತ್ರ ಇದ್ದದ್ದಲ್ಲ. ಕುಕ್ಕೆಯಿಂದ 1712 ಮೀಟರ್ ಎತ್ತರದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿಲೋಮೀಟರ್ ಏರಿಕೆ. ನಡುವೆ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ದಶಕಗಳ ಕಾಲ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಸಿಕ್ಕಿದೆ. ಸಣ್ಣ ಗುಡ್ಡೆಗಳ ಬುಡದ ಮನೆಗಳಲ್ಲೂ ಈಗಲೂ ಅಷ್ಟೇ. ಬೆವರಿ ಬಂದವರಿಗೆ ಮೊದಲು ಬೆಲ್ಲ ನೀರು ಅಥವಾ ಪುನರ್ಪುಳಿ ಶರಬತ್ತು, ಮಾತು ಆಮೇಲೆ. ಬಂದವರು ಗೇಟು ಮುಚ್ಚಿಕೊಂಡು ಹೋಗಬೇಕು, ಪೊಟ್ಟಣ ಬಿಸಾಡಬಾರದು, ಬೊಬ್ಬೆ ಹೊಡೆಯಬಾರದು. ಅಷ್ಟು ಮರ್ಯಾದೆ ಇದ್ದರೆ ಬೇಲಿ ಹಾಕಿದವರೂ ತಡಮೆ ಇಟ್ಟುಕೊಡುತ್ತಾರೆಂದು ನನ್ನ ನಂಬಿಕೆ.

ಅಪಾಯವಿಲ್ಲ ಎನ್ನುವುದಿಲ್ಲ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ದಾಳಿಗೆ ಇಬ್ಬರು ಜೀವ ಕಳೆದುಕೊಂಡರು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜಾರಿದ್ದು, 2022ರ ಜೂನಿನಲ್ಲಿ ಸಂಪಾಜೆ ಸುತ್ತ ಭೂಮಿ ನಡುಗಿದ್ದು, ಅದೇ ವರ್ಷದ ಆಗಸ್ಟಿನಲ್ಲಿ ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಮನೆಯೊಳಗೆ ಇಬ್ಬರು ಪುಟ್ಟ ಮಕ್ಕಳು ತೀರಿಹೋದದ್ದು, ಇವನ್ನು ಯಾರು ಮರೆಯಲು ಸಾಧ್ಯ? ಹಾಗಾಗಿ ಮಳೆಗಾಲದಲ್ಲಿ ಬೇಡವೇ ಬೇಡ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಬೇಡ, ಆನೆ ಓಡಾಡುವ ಕಡೆ ಮುಂಜಾನೆ, ಮುಸ್ಸಂಜೆ ಬೇಡ. ನೆಟ್ಟಣದಿಂದ ಸಕಲೇಶಪುರದ ಕಡೆ ಹೋಗುವ ಘಾಟಿ ರೈಲು ಹಳಿಯ ಮೇಲೆ ನಡೆಯುವ ಹುಚ್ಚು ಖಂಡಿತ ಬೇಡ, ಅಲ್ಲಿ 57 ಸುರಂಗಗಳಿವೆ, ರೈಲು ಬಂದರೆ ಸರಿದು ನಿಲ್ಲಲು ಜಾಗವಿಲ್ಲ. ಗುಡ್ಡೆಯ ಮೈ ಬಲ್ಲವರು ಪ್ರತಿ ಊರಿನಲ್ಲಿ ಇದ್ದರೆ ಬಿರುಕು ಬಿಟ್ಟದ್ದು, ಒರತೆ ಕೆಂಪಾದದ್ದು ಬೇಗ ತಿಳಿಯುತ್ತದೆ. ಯಾರೂ ಹೋಗದ ಗುಡ್ಡೆಯಲ್ಲಿ ಏನಾಗುತ್ತಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಈಗ ನಾವು ಸ್ವಸಹಾಯ ಸಂಘದ ಕೆಲವು ಹೆಂಗಸರು ಮಳೆ ಬಿಟ್ಟ ಮೇಲಿನ ಆದಿತ್ಯವಾರಗಳಲ್ಲಿ ಹತ್ತಿರದ ಗುಡ್ಡೆಗಳಿಗೆ ಹೋಗುತ್ತೇವೆ. ಬೆಳಗ್ಗೆ ತಿಂಡಿ ಮಾಡಿಟ್ಟು, ಕೊಟ್ಟೆ ಕಡುಬೋ ಅವಲಕ್ಕಿಯೋ ಕಟ್ಟಿಕೊಂಡು ಹೊರಟರೆ ಊಟದ ಹೊತ್ತಿಗೆ ಮನೆ. ಎದುರು ಸಿಕ್ಕಿದವರು ಕೇಳುವುದು ಒಂದೇ: “ಎಂತಕ್ಕೆ ಹೋದದ್ದು?” ಸೊಪ್ಪಿಗೂ ಅಲ್ಲ, ಕಾಣೆಯಾದ ದನ ಹುಡುಕಲಿಕ್ಕೂ ಅಲ್ಲ, ಸುಮ್ಮನೆ ಹೋದದ್ದು ಎಂದರೆ ಮೊದಮೊದಲು ಯಾರೂ ನಂಬುತ್ತಿರಲಿಲ್ಲ. ಗಂಡಸರು ಬೈಕಿನಲ್ಲಿ ಬಿಸಿಲೆ ಘಾಟಿಗೆ ಹೋಗಿ ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಹೆಂಗಸರಿಗೂ ಕಾರಣವಿಲ್ಲದೆ ಗುಡ್ಡೆ ಹತ್ತುವ ಹಕ್ಕಿದೆ. ಒಮ್ಮೆ ಅತ್ತೆಯೂ ನಮ್ಮ ಜೊತೆ ಅರ್ಧ ದಾರಿ ಬಂದರು. ಹೊರೆಯಿಲ್ಲದೆ ಗುಡ್ಡೆ ಇಳಿದದ್ದು ಜೀವನದಲ್ಲೇ ಮೊದಲು ಎಂದರು. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಗಿಡಗಳ ಹೆಸರನ್ನು ದಾರಿಯುದ್ದಕ್ಕೂ ಹೇಳಿದರು, ಒಬ್ಬಳ ಮಗಳು ಅದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡಳು.

ನಮ್ಮ ಗ್ರಾಮ ನಕ್ಷೆಗಳಲ್ಲಿ ಹಳೆಯ ಕಾಲುದಾರಿಗಳು ಚುಕ್ಕೆ ಗೆರೆಗಳಾಗಿ ಇನ್ನೂ ಇವೆ. ಗ್ರಾಮ ಆಡಳಿತ ಅಧಿಕಾರಿಯ ಕಚೇರಿಯಲ್ಲಿ ಕೇಳಿದರೆ ತೋರಿಸುತ್ತಾರೆ. ನೆಲದ ಮೇಲೆ ಅಳಿದದ್ದು ಕಾಗದದಲ್ಲಿ ಉಳಿದಿದೆ ಎನ್ನುವುದು ನಮ್ಮ ಅದೃಷ್ಟ. ಬೇರೆ ಕಡೆ ನಡೆಯುವ ಹಕ್ಕಿಗೆ ಜಗಳವೇ ಬೇಕಾಯಿತು. ಇಂಗ್ಲೆಂಡಿನಲ್ಲಿ 1932ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕರು ಭೂಮಾಲಿಕರ ಕಾವಲುಗಾರರನ್ನು ಎದುರಿಸಿ ಕಿಂಡರ್ ಸ್ಕೌಟ್ ಎಂಬ ಬೆಟ್ಟ ಹತ್ತಿದರು. ಐವರು ಜೈಲಿಗೂ ಹೋದರು. 1949ರಲ್ಲಿ ಅಲ್ಲಿ ಬಂದ ಕಾನೂನು ಊರೂರಿನ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದಿತು. ನಮಗೆ ಜಗಳ ಬೇಕಿಲ್ಲ, ನಕ್ಷೆ ಕೈಯಲ್ಲೇ ಇದೆ.

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳ ಪ್ರತಿ ಗ್ರಾಮ ಪಂಚಾಯತು ಒಂದೇ ಒಂದು ಗುಡ್ಡೆ ದಾರಿಯನ್ನು ಆರಿಸಲಿ. ಅದು ಅರಣ್ಯದ ಜಾಗವಾದರೆ ಗ್ರಾಮ ಅರಣ್ಯ ಸಮಿತಿ ಮತ್ತು ವಲಯ ಕಚೇರಿ ಸೇರಿ ಎಲ್ಲಿಯವರೆಗೆ ಹೋಗಬಹುದು, ಎಷ್ಟು ಜನ, ಯಾವ ತಿಂಗಳು ಎಂದು ಬರೆದು ಹಾಕಲಿ. ಬೇಲಿ ಇರುವಲ್ಲಿ ಮಾಲಿಕರನ್ನು ಕೂರಿಸಿ ಮಾತಾಡಿ ತಡಮೆ ಇಡಲಿ. ದಾರಿ ತೋರಿಸಲು ಊರಿನ ಹಿರಿಯರನ್ನು, ಅದರಲ್ಲೂ ಸೊಪ್ಪಿಗೆ ಹೋಗಿ ಬಲ್ಲ ಹೆಂಗಸರನ್ನು ಕರೆದು, ದಿನದ ಸಂಬಳ ಕೊಡಲಿ. ಹೈಸ್ಕೂಲುಗಳು ಡಿಸೆಂಬರಿನ ಒಂದು ಶನಿವಾರ ಮಕ್ಕಳನ್ನು ಅದೇ ದಾರಿಯಲ್ಲಿ ನಡೆಸಲಿ. ಇದಕ್ಕೆ ಕಾಂಕ್ರೀಟ್ ಮೆಟ್ಟಿಲು, ಸೆಲ್ಫಿ ಪಾಯಿಂಟು ಯಾವುದೂ ಬೇಡ. ಮೆಟ್ಟಿಲು ಕಟ್ಟಿದರೆ ಅದರ ಹಿಂದೆಯೇ ಪಾರ್ಕಿಂಗ್, ಅಂಗಡಿ ಬರುತ್ತವೆ, ಕುಮಾರ ಪರ್ವತದ ಒತ್ತಡ ನಮ್ಮ ಹಿತ್ತಿಲಿಗೆ ಇಳಿಯುತ್ತದೆ.

ನಮ್ಮ ಸಂಘದಿಂದ ಮುಂದಿನ ಗ್ರಾಮಸಭೆಗೆ ಅರ್ಜಿ ಬರೆಯುತ್ತಿದ್ದೇವೆ. ಗ್ರಾಮ ನಕ್ಷೆಯ ಪ್ರತಿಯಲ್ಲಿ ನಾವು ಕೇಳುವ ದಾರಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಜೊತೆಗೆ ಇಡುತ್ತೇವೆ. ಬೇರೆ ಗ್ರಾಮದವರೂ ಹೀಗೇ ಮಾಡುವುದಾದರೆ ಮಾಡಬೇಕಾದ ಮೊದಲ ಕೆಲಸ, ನಕ್ಷೆ ತೆಗೆದುಕೊಂಡು ಮನೆಯ ಹಿರಿಯ ಹೆಂಗಸಿನ ಹತ್ತಿರ ಕೂತು, ಸೊಪ್ಪಿಗೆ ಎಲ್ಲಿಂದ ಹತ್ತುತ್ತಿದ್ದಿರಿ ಎಂದು ಕೇಳುವುದು.