ಸಾಫ್ಟ್‌ವೇರ್ ಪೇಟೆಂಟ್ ಬೇಡ ಎಂದರೆ ಕದಿಯಲು ಬಿಡಿ ಎಂದರ್ಥವೇ?

“ಭಾರತದಲ್ಲಿ ಸಾಫ್ಟ್‌ವೇರ್‌ಗೆ ಪೇಟೆಂಟ್ ಕೊಡುವುದೇ ಇಲ್ಲ. ನಮ್ಮ ಹುಡುಗರು ಕಷ್ಟಪಟ್ಟು ಮಾಡಿದ ಆ್ಯಪ್ ಅನ್ನು ಯಾರು ಬೇಕಾದರೂ ಕದಿಯಬಹುದು.” ಇಂಥ ಮಾತು ಆಗಾಗ ಕೇಳಿಬರುತ್ತದೆ. ಪೇಟೆಂಟ್ ವಿರೋಧಿಸುವವರಿಗೆ ಎಲ್ಲವೂ ಪುಕ್ಕಟೆ ಬೇಕು ಎಂಬ ಆರೋಪವೂ ಜೊತೆಗಿರುತ್ತದೆ. ಇವು ಎಷ್ಟು ನಿಜ? ನೋಡೋಣ.

ಕಾಪಿರೈಟ್ ಬೇರೆ, ಪೇಟೆಂಟ್ ಬೇರೆ

ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಕಾದಂಬರಿಯನ್ನು ನಕಲು ಮಾಡಿ ಮಾರುವುದು ಹೇಗೆ ತಪ್ಪೋ, ಇನ್ನೊಬ್ಬರ ಕೋಡ್ ನಕಲು ಮಾಡಿ ಮಾರುವುದೂ ಹಾಗೆಯೇ ತಪ್ಪು. ಈ ರಕ್ಷಣೆ ಸಿಗಲು ನೋಂದಣಿಯೂ ಕಡ್ಡಾಯವಲ್ಲ. ಅಂದರೆ ಪೇಟೆಂಟ್ ಇಲ್ಲದಿದ್ದರೂ ಕಳ್ಳತನ ಕಳ್ಳತನವೇ.

ಕಾಪಿರೈಟ್ ಕಾಯುವುದು ಬರೆದ ಕೋಡನ್ನು. ಪೇಟೆಂಟ್ ಕಾಯುವುದು ಕೆಲಸ ಮಾಡುವ ವಿಧಾನವನ್ನು, ಅದೂ 20 ವರ್ಷ. ನೀವು ಯಾರದನ್ನೂ ನೋಡದೆ, ಪ್ರತಿ ಸಾಲನ್ನೂ ಸ್ವಂತವಾಗಿ ಬರೆದಿದ್ದರೂ, ಅದೇ ವಿಧಾನಕ್ಕೆ ಬೇರೆಯವರ ಪೇಟೆಂಟ್ ಇದ್ದರೆ ನೀವು ಸಿಕ್ಕಿಬೀಳಬಹುದು. ವಿರೋಧ ಹುಟ್ಟಿದ್ದು ಇಲ್ಲಿ.

ಒಂದು ಕ್ಲಿಕ್‌ನ ಜಗಳ

1999ರಲ್ಲಿ ಅಮೆಜಾನ್‌ಗೆ ಅಮೆರಿಕದಲ್ಲಿ ‘ಒಂದೇ ಕ್ಲಿಕ್‌ನಲ್ಲಿ ಖರೀದಿ’ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಕೆಲವೇ ವಾರಗಳಲ್ಲಿ ಅದು ಪುಸ್ತಕ ಮಾರುವ ಬಾರ್ನ್ಸ್ ಆ್ಯಂಡ್ ನೋಬಲ್ ಮೇಲೆ ಕೇಸು ಹಾಕಿತು. ಆ ಪೇಟೆಂಟ್‌ನ ಅವಧಿ ಮುಗಿದದ್ದು 2017ರಲ್ಲಿ.

ಅದಕ್ಕೂ ಮೊದಲು, 1994ರ ಕೊನೆಯಲ್ಲಿ, ಜಿಫ್ ಚಿತ್ರಗಳಲ್ಲಿ ಬಳಸುವ ಕುಗ್ಗಿಸುವ ವಿಧಾನದ ಪೇಟೆಂಟ್ ತನ್ನದು, ಅದನ್ನು ಬಳಸುವ ಸಾಫ್ಟ್‌ವೇರ್ ತಯಾರಕರು ಶುಲ್ಕ ಕೊಡಬೇಕು ಎಂದು ಯುನಿಸಿಸ್ ಹೇಳಿತು. ಅಷ್ಟರಲ್ಲಿ ಜಿಫ್ ಎಲ್ಲೆಡೆ ಹರಡಿತ್ತು. ಬೇಸತ್ತ ಪ್ರೋಗ್ರಾಮರ್‌ಗಳು ಸೇರಿ ಪೇಟೆಂಟ್ ಕಾಟವಿಲ್ಲದ ಪಿಎನ್‌ಜಿ ಎಂಬ ಹೊಸ ಮಾದರಿ ರೂಪಿಸಿದರು. ಇಂದು ಹಲವು ಫೋನ್‌ಗಳಲ್ಲಿ ಸ್ಕ್ರೀನ್‌ಶಾಟ್ ಉಳಿಯುವುದು ಇದೇ ಮಾದರಿಯಲ್ಲಿ.

ಯುರೋಪಿನಲ್ಲಿ ಬಿದ್ದ ಮಸೂದೆ

2002ರಲ್ಲಿ ಯುರೋಪಿಯನ್ ಕಮಿಷನ್ ಕಂಪ್ಯೂಟರ್ ಆಧಾರಿತ ಆವಿಷ್ಕಾರಗಳ ಪೇಟೆಂಟ್ ಬಗ್ಗೆ ಒಂದು ಕಾನೂನು ಪ್ರಸ್ತಾಪಿಸಿತು. ಸಣ್ಣ ಕಂಪನಿಗಳು, ಮುಕ್ತ ತಂತ್ರಾಂಶ ಬಳಗಗಳು ಬೀದಿಗಿಳಿದವು. 2003ರಲ್ಲಿ ಸಂಸತ್ತು ಅದಕ್ಕೆ ಕಠಿಣ ತಿದ್ದುಪಡಿ ತಂದಿತು. ಸದಸ್ಯ ದೇಶಗಳ ಸಚಿವರ ಮಂಡಳಿ ಅವುಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟು ಮಸೂದೆಯನ್ನು ವಾಪಸ್ ಕಳಿಸಿತು. ಕೊನೆಗೆ 2005ರ ಜುಲೈ 6ರಂದು ಸಂಸತ್ತು 648–14 ಮತಗಳಿಂದ ಅದನ್ನು ತಿರಸ್ಕರಿಸಿತು.

ಇಷ್ಟು ದೊಡ್ಡ ಅಂತರ ಬರಲು ಇನ್ನೊಂದು ಕಾರಣವಿತ್ತು. ಮತ್ತೆ ಕಠಿಣ ತಿದ್ದುಪಡಿ ಬಂದೀತೆಂದು ಹೆದರಿದ ಪೇಟೆಂಟ್ ಪರ ಗುಂಪಿನವರೂ ‘ಇಂಥ ಕಾನೂನಿಗಿಂತ ಇಲ್ಲದಿರುವುದೇ ವಾಸಿ’ ಎಂಬ ನಿಲುವಿಗೆ ಬಂದಿದ್ದರು. ಹಾಗಾಗಿ ಹಳೆಯ ಪದ್ಧತಿಯೇ ಮುಂದುವರಿಯಿತು. ತಾಂತ್ರಿಕ ಅಂಶವಿದ್ದರೆ ಅಲ್ಲಿ ಪೇಟೆಂಟ್ ಇಂದಿಗೂ ಸಿಗುತ್ತದೆ.

ನಮ್ಮಲ್ಲಿ ಆದದ್ದೇನು?

ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯಾಪಾರದ ವಿಧಾನ, ಅಲ್ಗಾರಿದಂ ಮತ್ತು ‘ಕೇವಲ’ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. 2004ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಉದ್ಯಮದಲ್ಲಿ ತಾಂತ್ರಿಕವಾಗಿ ಬಳಕೆಯಾಗುವ ಅಥವಾ ಹಾರ್ಡ್‌ವೇರ್ ಜೊತೆ ಸೇರಿದ ಪ್ರೋಗ್ರಾಂಗಳನ್ನು ಈ ನಿಷೇಧದಿಂದ ಹೊರಗಿಟ್ಟಿತು. ಹಾರ್ಡ್‌ವೇರ್ ಇಲ್ಲದೆ ಓಡುವ ಪ್ರೋಗ್ರಾಂ ಯಾವುದಿದೆ? ಬಾಗಿಲು ಪೂರ್ತಿ ತೆರೆದಂತೆಯೇ ಎಂದು ವಿರೋಧಿಗಳು ಹೇಳಿದರು. ಆಗ ಹೆಚ್ಚು ಸದ್ದು ಮಾಡಿದ್ದು ಔಷಧ ಪೇಟೆಂಟ್. ಆದರೂ 2005ರ ಮಾರ್ಚ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲಿ ಈ ಬದಲಾವಣೆ ಇರಲಿಲ್ಲ.

ವಿಷಯ ಅಲ್ಲಿಗೇ ಮುಗಿಯಲಿಲ್ಲ. 2015ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿ ಹೊರಡಿಸಿದ ಮಾರ್ಗಸೂಚಿಗೂ ವಿರೋಧ ಬಂತು. ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿಯಲಾಯಿತು. 2016ರಲ್ಲಿ ಹೊಸ ಹಾರ್ಡ್‌ವೇರ್ ಇದ್ದರೆ ಮಾತ್ರ ಎಂಬ ಬಿಗಿ ಷರತ್ತು ಬಂತು, 2017ರಲ್ಲಿ ಅದೂ ಹೋಯಿತು. ‘ಕೇವಲ’ ಎಂಬ ಆ ಒಂದು ಪದದ ಅರ್ಥದ ಮೇಲೆ ಹಗ್ಗಜಗ್ಗಾಟ ನಡೆದೇ ಇದೆ. ತಾಂತ್ರಿಕ ಪರಿಣಾಮ ತೋರಿಸಿದ ಸಾಫ್ಟ್‌ವೇರ್ ಆಧಾರಿತ ಆವಿಷ್ಕಾರಗಳಿಗೆ ನಮ್ಮಲ್ಲೂ ಪೇಟೆಂಟ್ ಸಿಗುತ್ತಿದೆ.

ಪರವಾದಿಗಳ ಮಾತಿನಲ್ಲೂ ಹುರುಳಿದೆ. ಪೇಟೆಂಟ್ ಇದ್ದರೆ ಹೂಡಿಕೆದಾರರಿಗೆ ನಂಬಿಕೆ ಬರುತ್ತದೆ, ಸಣ್ಣ ಕಂಪನಿಯೂ ದೊಡ್ಡದರ ಎದುರು ನಿಲ್ಲಬಹುದು ಎಂಬುದು ಅವರ ವಾದ. ಆದರೆ ಕೇಸು ನಡೆಸಲು ವಕೀಲರು, ಹಣ, ವರ್ಷಗಳು ಬೇಕು. ಅದು ಯಾರ ಬಳಿ ಹೆಚ್ಚಿದೆ ಎಂಬುದು ವಿರೋಧಿಗಳ ಪ್ರಶ್ನೆ.

ಹಾಗಾದರೆ ಸತ್ಯ ಏನು?

ಕೋಡ್ ಕದಿಯುವುದು ಭಾರತದಲ್ಲೂ ಅಪರಾಧ. ಸಾಫ್ಟ್‌ವೇರ್‌ಗೆ ಪೇಟೆಂಟ್ ಸಿಗುವುದೇ ಇಲ್ಲ ಎಂಬುದು ಅರ್ಧ ಸತ್ಯ. ವಿರೋಧ ಇರುವುದು ಬರೆದವರ ಹಕ್ಕಿನ ಮೇಲಲ್ಲ, ಉಳಿದವರು ಅದೇ ಕೆಲಸವನ್ನು ತಮ್ಮದೇ ರೀತಿಯಲ್ಲಿ ಮಾಡದಂತೆ ತಡೆಯುವ ಹಕ್ಕಿನ ಮೇಲೆ. ಇಂಥ ಮೆಸೇಜ್ ಮುಂದೆ ಬಂದಾಗ ಅದು ಹೇಳುತ್ತಿರುವುದು ಕಾಪಿರೈಟ್ ಬಗ್ಗೆಯೋ ಪೇಟೆಂಟ್ ಬಗ್ಗೆಯೋ ಎಂದು ಮೊದಲು ನೋಡಿ, ಆಮೇಲೆ ಫಾರ್ವರ್ಡ್ ಮಾಡಿ.